ಸಾಕ್ಷಿಯ ಜಾಗದಲ್ಲಿ ನಿನ್ನ ಸಹಿ

ತಂಗೀ,

ವಕೀಲರ ಹತ್ತಿರ ಓಡುತ್ತಿದ್ದೇನೆ. ನನ್ನ ಹೆಸರಿನ ಈ ಮನೆಯನ್ನು ನಿನಗೆ ಬರೆದ ಉಯಿಲಿಗೆ ಸಾಕ್ಷಿಯಾಗಿ ನಿನ್ನ ಕೈಯಲ್ಲೇ ಸಹಿ ಹಾಕಿಸಿದೆನಲ್ಲ, ಅದೇ ಎಡವಟ್ಟು. ಆಸ್ತಿ ಪಡೆಯುವವರೇ ಸಾಕ್ಷಿಯಾದರೆ ಆ ಕಾಗದ ಕೋರ್ಟಿನಲ್ಲಿ ನಿಲ್ಲುವುದು ಕಷ್ಟವಂತೆ. "ಏನಮ್ಮಾ, ಇಡೀ ಬೀದಿಯಲ್ಲಿ ಬೇರೆ ಯಾರೂ ಸಿಗಲಿಲ್ವಾ?" ಅಂತ ವಕೀಲರು ಫೋನಿನಲ್ಲಿ ನಕ್ಕರು.

ಹೊಸದನ್ನು ಬರೆಸಿಕೊಂಡು ನಾಲ್ಕು ಗಂಟೆಗೆ ಬರುತ್ತೇನೆ. ಅಷ್ಟರಲ್ಲಿ ಎದುರುಮನೆ ನರ್ಸಮ್ಮನನ್ನೂ ಮೂಲೆಯಂಗಡಿ ದರ್ಜಿಯನ್ನೂ ಕರೆದು ಕೂರಿಸು. ದರ್ಜಿಗೆ ಕನ್ನಡಕ ಮರೆಯದೆ ತರಲು ಹೇಳು.

ನಾವು ಮೂವರು ಸಹಿ ಹಾಕುವಾಗ ನೀನು ಅಡುಗೆಮನೆಯಲ್ಲಿರು. ಈ ಸಲ ಪೆನ್ನು ಮುಟ್ಟಿದರೆ ನೋಡು!

ಅಣ್ಣ ಫೋನ್ ಮಾಡಿದರೆ ನಾಳೆಯ ನನ್ನ ಆಪರೇಶನ್ ಬಗ್ಗೆ ಮಾತ್ರ ಹೇಳು. ಹನ್ನೆರಡು ವರ್ಷ ಅಮ್ಮನ ಹಾಸಿಗೆ ಒಗೆದವಳು ನೀನು. ಒಂದು ದಿನವೂ ಹಣಕಿ ನೋಡದವನು ಹಕ್ಕಿನ ಮಾತೆತ್ತಿದರೆ ಫೋನ್ ಇಟ್ಟುಬಿಡು.

ಆಪರೇಶನ್ನಿಗೆ ನಾನು ಹೆದರಿಲ್ಲ. ನಾನು ಏಳದೇ ಹೋಗಿ, ಅವನು ಬಾಗಿಲಲ್ಲಿ ನಿಂತು "ಇನ್ನು ಹೊರಡು" ಅಂದರೆ, "ಆಯ್ತಣ್ಣ" ಅಂತ ಬಟ್ಟೆ ಮಡಚಿಕೊಳ್ಳುವವಳು ನೀನು. ನನ್ನ ಭಯವೆಲ್ಲ ಅದೇ.

ಹಾಗೆ ಮಾಡಬೇಡ ಕಣೇ, ನನ್ನಾಣೆ.

ಅಕ್ಕ