ಎರಡು ಬೆರಳು ಎತ್ತಿದವಳಿಗೆ

ಮಾತಿನಮಲ್ಲಿಗೆ,

'ಪ್ರೀತಿಯ' ಅಂತ ಬರೆದು ಹೊಡೆದುಹಾಕಿದ್ದೇನೆ. ಚೆನ್ನಾಗಿದ್ದೀಯಾ ಅಂತಲೂ ಕೇಳುವುದಿಲ್ಲ. ಪಕ್ಕದ ಮೇಜಿನಲ್ಲೇ ಬಟ್ಟೆ ಕತ್ತರಿಸುವವಳು ನೀನು, ಚೆನ್ನಾಗಿರುವುದು ಕಣ್ಣಿಗೆ ಕಾಣುತ್ತದೆ. ಪ್ರವಾಸದಿಂದ ಬಂದು ಒಂಬತ್ತು ದಿನವಾಯಿತು. ಕತ್ತರಿ ಕೊಡು, ದಾರ ಕೊಡು ಅನ್ನುವುದು ಬಿಟ್ಟರೆ ನಾವು ಬೇರೆ ಮಾತಾಡಿಲ್ಲ. ಎದುರಿಗೆ ಕೇಳಿದರೆ ನೀನು ಅತ್ತುಬಿಡುತ್ತೀಯ, ನಾನು ಕರಗಿಬಿಡುತ್ತೇನೆ. ಅದಕ್ಕೇ ಈ ಕಾಗದ.

ಆ ದಿನ ನಮ್ಮ ಪ್ರಾರ್ಥನಾ ಮಂಡಳಿಯ ಇಪ್ಪತ್ತೆರಡು ಜನ ಪರದೇಶದ ಆ ಹಳೇ ಊರು ನೋಡಲು ಹೊರಟೆವು. ಮಂಡಳಿ ನಡೆಸುವ ದೊಡ್ಡಣ್ಣನ ನಿಯಮ ನಿನಗೆ ಗೊತ್ತೇ ಇದೆ: ಪ್ರವಾಸದಲ್ಲೂ ಬೆಳಗಿನಿಂದ ಮಧ್ಯಾಹ್ನದ ಪ್ರಾರ್ಥನೆಯವರೆಗೆ ಮೌನ. ಫೋನು, ಪಾಸ್‌ಪೋರ್ಟು ಎಲ್ಲಾ ಅವರ ಬಟ್ಟೆಚೀಲದಲ್ಲಿ. ಬಸ್ಸಿನಲ್ಲಿ ತಲೆ ಎಣಿಸುವಾಗಲೂ ಬಾಯಿ ತೆರೆಯುವಂತಿಲ್ಲ. ಜೋಡಿಯಲ್ಲಿ ಒಬ್ಬರು ಎರಡು ಬೆರಳು ಎತ್ತಿದರೆ ಇಬ್ಬರೂ ಹತ್ತಿದ್ದಾರೆ ಅಂತ ಅರ್ಥ. ನನ್ನ ಜೋಡಿ ನೀನು. ಇನ್ಯಾರಾಗಬೇಕು? ಇಪ್ಪತ್ತಾರು ವರ್ಷದಿಂದ ನೀನು ಕತ್ತರಿಸಿದ್ದನ್ನು ಹೊಲಿಯುತ್ತಾ ಬಂದವಳು ನಾನು. ಬಾಯಿಗೆ ಬಿಡುವೇ ಇಲ್ಲದ ನಿನಗೆ ಮಾತಿನಮಲ್ಲಿ ಅಂತ ಹೆಸರಿಟ್ಟವಳೂ ನಾನೇ.

ಊರು ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ಕಲ್ಲಿನ ಸೇತುವೆ, ಅರಮನೆ, ಸವೆದು ನುಣುಪಾದ ಬೀದಿಗಳು. ನಾವೆಲ್ಲ ತುಟಿ ಹೊಲಿದುಕೊಂಡು ಗೋಪುರ ನೋಡುತ್ತಿದ್ದರೆ ಅಲ್ಲಿನ ಜನ ನಮ್ಮನ್ನೇ ನೋಡುತ್ತಿದ್ದರು. ಗಡಿಯಾರದ ಗೋಪುರದಿಂದ ಇಳಿಯುವಾಗ ನನ್ನ ಮೊಣಕಾಲು ಹಟ ಹಿಡಿಯಿತು. ನೀನು ನಡಿ, ಬಂದೆ ಅಂತ ಕೈಸನ್ನೆ ಮಾಡಿದೆ. ನೀನು ಬಸ್ಸು ಹತ್ತಿ ಎರಡು ಬೆರಳು ಎತ್ತಿದೆ. ನಾನು ಬಂದೇಬಿಡುತ್ತೇನೆ ಅಂದುಕೊಂಡಿರಬೇಕು; ಅಷ್ಟನ್ನು ಕ್ಷಮಿಸಿದ್ದೇನೆ.

ಆದರೆ ಬಸ್ಸು ಹೊರಟಿತು. ನಾನು ಛತ್ರಿ ಬೀಸುತ್ತಾ ಕುಂಟಿಕೊಂಡು ಓಡಿದೆ. ನೀನು ಕಿಟಕಿಯಲ್ಲಿದ್ದೆ, ನನ್ನನ್ನು ನೋಡಿದೆ. ನೋಡಿ, ಬಾಯಿಯ ಮೇಲೆ ಕೈ ಒತ್ತಿಕೊಂಡು ಕೂತೆ! ಡ್ರೈವರನ ಭುಜ ತಟ್ಟಬಹುದಿತ್ತು, ಗಾಜು ಬಡಿಯಬಹುದಿತ್ತು. ಏನೂ ಬೇಡ, ಒಂದು 'ಅಯ್ಯೋ' ಅಂದಿದ್ದರೆ ಸಾಕಿತ್ತು. ಹಿಂದಿನ ದಿನ ತಾನೇ ದೊಡ್ಡಣ್ಣ ಎಲ್ಲರ ಮುಂದೆ ನಿನ್ನನ್ನು ತೋರಿಸಿ, 'ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮೌನ ಮುರಿಯದವಳು ಇವಳೊಬ್ಬಳೇ' ಅಂದಿದ್ದರಲ್ಲ. ಆ ಮಾತು ನನಗಿಂತ ಹೆಚ್ಚಾಯಿತು ನಿನಗೆ.

ಹೊಟ್ಟೆ ಉರಿಸುವುದು ಇನ್ನೊಂದಿದೆ. ಅಷ್ಟು ದೂರ ಓಡಿದ ನಾನೂ ಕೂಗಲಿಲ್ಲ! ನಿಯಮ ಅಂತ ಹಲ್ಲು ಕಚ್ಚಿಕೊಂಡೇ ಓಡಿದೆ, ಮಂಕು ಮುಂಡೇದು. ಕೊನೆಗೆ 'ಲೇ ಮಾತಿನಮಲ್ಲೀ' ಅಂತ ಅರಚುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.

ಫೋನಿಲ್ಲ, ಭಾಷೆಯಿಲ್ಲ, ಹೋಟೆಲಿನ ಹೆಸರು ನಾಲಿಗೆಗೆ ಬರದು. ಗೋಪುರದ ಟಿಕೆಟ್ ಕೊಡುವ ಹೆಂಗಸು ನನ್ನ ಅಳು ನೋಡಿ ತನ್ನ ಕುರ್ಚಿ ಬಿಟ್ಟುಕೊಟ್ಟಳು, ನೀರು ಕೊಟ್ಟಳು, ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತಲೇ ಇದ್ದಳು. ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಅವಳು ಮಾತು ನಿಲ್ಲಿಸಿದರೆ ನನ್ನ ಜೀವವೇ ಹೋಗುತ್ತದೆ ಅನ್ನಿಸುತ್ತಿತ್ತು. ಮೂರು ಗಂಟೆ ಹಾಗೇ ಕೂತಿದ್ದೆ.

ಮಧ್ಯಾಹ್ನದ ಪ್ರಾರ್ಥನೆಯ ಕೊನೆಯ ಸಾಲೂ ಮುಗಿದಮೇಲೆ ನೀನು ಬಾಯಿ ಬಿಟ್ಟೆಯಂತೆ. ಆಮೇಲೆ ಎಲ್ಲರೂ ಹುಡುಕಿಕೊಂಡು ಬಂದಿರಿ. ದೊಡ್ಡಣ್ಣ ನನ್ನ ತಲೆ ಸವರಿ, ನಿನ್ನ ಕಡೆ ತಿರುಗಿ, 'ಎಂಥಾ ನಿಷ್ಠೆ! ಗೆಳತಿ ಕಳೆದುಹೋದರೂ ನಿಯಮ ಬಿಡಲಿಲ್ಲ' ಅಂದರು. ಎಲ್ಲರೂ ತಲೆದೂಗಿದರು. ಅದನ್ನೂ ನುಂಗಿಕೊಳ್ಳುತ್ತಿದ್ದೆ ಕಣೇ. ಆದರೆ ನೀನು ನಾಚಿಕೊಂಡು ನಕ್ಕೆಯಲ್ಲ, ಬಹುಮಾನ ಬಂದವರ ಹಾಗೆ, ಆ ನಗು ನನ್ನ ಗಂಟಲಲ್ಲೇ ಸಿಕ್ಕಿಕೊಂಡಿದೆ.

ನಾನಿನ್ನು ಮಂಡಳಿಗೆ ಬರುವುದಿಲ್ಲ. ಅಂಗಡಿಯಲ್ಲಿ ನನ್ನ ಮಿಷನ್ನು ಬಾಗಿಲ ಕಡೆಗೆ ಸರಿಸಿಕೊಡಿ ಅಂತ ಯಜಮಾನರಿಗೆ ಹೇಳಿದ್ದೇನೆ. ನಿನಗೆ ಶಾಪ ಹಾಕಲು ಬಾಯಿ ಬರುತ್ತಿಲ್ಲ, ಏನು ಮಾಡಲಿ. ಹರಸುವುದು ಇಷ್ಟೇ: ನೀನು ಎಲ್ಲಾದರೂ ಹಿಂದೆ ಉಳಿದುಹೋದ ದಿನ, ಕಿಟಕಿಯಲ್ಲಿ ಕೂತವರು ನಿನ್ನಂಥವರಾಗದಿರಲಿ.

ಇಷ್ಟು ಬರೆದು ಮುಗಿಸುವ,
ನಾಳೆಯಿಂದ ಬಾಗಿಲ ಬಳಿ ಹೊಲಿಯುವವಳು