ಅರ್ಧಕ್ಕೆ ನಿಲ್ಲಿಸಿದ ಹೇಳಿಕೆ

ಮಾನ್ಯ ವಲಯ ಅರಣ್ಯಾಧಿಕಾರಿಗಳೇ,

ವನ್ಯಜೀವಿ ಸಪ್ತಾಹದ ತಮ್ಮ ಸುತ್ತೋಲೆ ನಮ್ಮ ಶಾಲೆಗೆ ತಲುಪಿತು. 'ಮಕ್ಕಳಲ್ಲಿ ಸಚ್ಚಾರಿತ್ರ್ಯ ಬೆಳೆಯುವ ಬಗೆ' ಎಂಬ ವಿಷಯದ ಮೇಲೆ ಪ್ರಬಂಧ ಸ್ಪರ್ಧೆಯಂತೆ, ಗೆದ್ದ ಮಗುವಿಗೆ ತಮ್ಮ ಅಮೃತಹಸ್ತದಿಂದ ಕಪ್ ಅಂತೆ. ಎಂಥಾ ಸೊಗಸು! ನಮ್ಮ ಮಕ್ಕಳು ಯಾರೂ ಬರೆಯುವುದಿಲ್ಲ. ಅವರ ಬದಲು ನಾನೇ ಬರೆಯುತ್ತಿದ್ದೇನೆ, ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿಯೇ. ಏಕೆಂದರೆ ನಮ್ಮ ಶಾಲೆಯ ಒಬ್ಬ ಹುಡುಗಿ ತಮ್ಮೆದುರು ನಿಂತು ನಿಜ ಹೇಳಿದಳು. ತಾವು ಅದರಲ್ಲಿ ಅರ್ಧ ಮಾತ್ರ ಬರೆದುಕೊಂಡು ಅವಳಪ್ಪನನ್ನು ಜೈಲಿಗೆ ಕಳಿಸಿದಿರಿ.

ಅವಳನ್ನು ಇಲ್ಲಿ ಮಾಲತಿ ಎನ್ನುತ್ತೇನೆ, ನಿಜವಾದ ಹೆಸರು ತಮ್ಮ ಕಡತದಲ್ಲಿದೆ. ಏಳನೇ ಕ್ಲಾಸು. ಅಪ್ಪ ಅಮ್ಮ ಹಾಸನದ ಕಡೆಯಿಂದ ಬಂದು, ನೆಲ್ಯಹುದಿಕೇರಿಯಿಂದ ಎರಡು ಮೈಲಿ ಒಳಗಿನ ಕಾಫಿ ಎಸ್ಟೇಟಿನಲ್ಲಿ ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿದ್ದು ಕೂಲಿ ಮಾಡುತ್ತಿದ್ದವರು. ನಮ್ಮ ಶಾಲೆಯಲ್ಲಿ ಒಂದು ರೂಢಿ ಇದೆ. ಯಾರಿಗೆ ಏನು ಸಿಕ್ಕರೂ ಆಫೀಸಿನ ಕಿಟಕಿ ಕಟ್ಟೆಯ ಮೇಲೆ ಇಡಬೇಕು. ಇಟ್ಟವರನ್ನು ಹೊಗಳುವುದಿಲ್ಲ, ಎಲ್ಲಿ ಸಿಕ್ಕಿತು ಎಂದು ಗದರಿಸುವುದೂ ಇಲ್ಲ. ಎರಡನೇ ಕ್ಲಾಸಿನಲ್ಲಿದ್ದಾಗ ಮಾಲತಿ ಒಂಟಿ ಬೆಳ್ಳಿ ಕಾಲ್ಗೆಜ್ಜೆ ತಂದಿಟ್ಟಿದ್ದಳು. ಇಟ್ಟವಳು ಮೂರು ದಿನ ಅದರ ಹತ್ತಿರ ಸುಳಿದಾಡಿದಳು, ಪಾಪ, ಆಸೆ ಇರುವುದಿಲ್ಲವೇ? ಆದರೆ ಮುಟ್ಟಲಿಲ್ಲ. ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನಗೆ ತಿಳಿದಿರುವುದು ಇಷ್ಟೇ: ಗುಣ ಬೆಳೆಯುವುದು ಹೀಗೆ, ಪೆನ್ಸಿಲ್ಲು, ರಬ್ಬರು, ಗೆಜ್ಜೆ ಅಂತ. ಸರಿಯಾದದ್ದನ್ನು ಮಾಡಿದರೆ ಕೆಟ್ಟದ್ದೇನೂ ಆಗುವುದಿಲ್ಲ ಎಂದು ಮಗುವಿಗೆ ನಂಬಿಕೆ ಬರಬೇಕು. ಅದಕ್ಕೆ ವರ್ಷಗಳು ಬೇಕು.

ಕೆಡಿಸಲು ಎಷ್ಟು ಹೊತ್ತು ಬೇಕು? ತಮಗೆ ಅರ್ಧ ಗಂಟೆ ಸಾಕಾಯಿತು.

ಜುಲೈನಲ್ಲಿ ಹಲಸಿನ ಹಣ್ಣಿಗೆಂದು ತೋಟಕ್ಕೆ ಬಂದ ಹೆಣ್ಣಾನೆ ಬೇಲಿಯಲ್ಲಿ ಕರೆಂಟ್ ಹೊಡೆದು ಸತ್ತಿತು. ತಾವು ಲೈನಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದಿರಿ. ಒಬ್ಬರೂ ಬಾಯಿ ಬಿಡಲಿಲ್ಲ. ಸಿಡಿಲು ಬಡಿದಿರಬೇಕು ಎಂದ ಮಹಾನುಭಾವನೂ ಇದ್ದ. ಆಗ ಮಾಲತಿ ಕ್ಲಾಸಿನಲ್ಲಿ ಎತ್ತುವ ಹಾಗೆ ಕೈ ಎತ್ತಿದಳು. ಮಗುವಿನ ಜೊತೆ ದೊಡ್ಡವರೊಬ್ಬರು ಇರಲಿ ಎಂದು ತಾವು ನನ್ನನ್ನು ಶಾಲೆಯಿಂದ ಕರೆಸಿದಿರಿ. ನನ್ನ ಕೈ ಹಿಡಿದುಕೊಂಡೇ ಅವಳು ಹೇಳಿದ್ದು ನನ್ನ ಕಿವಿಯಲ್ಲಿ ಈಗಲೂ ಇದೆ:

"ತೋಟದ ಸಾವ್ಕಾರ್ರು ಜೀಪಲ್ಲಿ ಬಂದು, ಬೇಲಿಗೆ ಕಂಬದಿಂದ ಲೈನ್ ಕರೆಂಟ್ ಕೊಡು ಅಂದ್ರು. ಅಪ್ಪ ಬ್ಯಾಡ ಸಾವ್ಕಾರ್ರೇ, ಆನೆ ಸತ್ತೋಗ್ತದೆ ಅಂದ್ರು. ಹಂಗಾದ್ರೆ ನಾಳೆನೇ ಲೈನ್ ಮನೆ ಖಾಲಿ ಮಾಡು ಅಂದ್ರು ಅವ್ರು. ಆಮೇಲೆ ಅಪ್ಪ ವೈರ್ ಕಟ್ಟಿದ್ರು."

ತಾವು "ಜಾಣೆ ಕಣಮ್ಮ" ಎಂದು ಅವಳ ತಲೆ ಸವರಿದಿರಿ. ಪಂಚರ ಸಹಿ ಬೇಕು ಎಂದು ನನ್ನ ಮುಂದೆ ಕಾಗದ ಹಿಡಿದಿರಿ. ಮಳೆ ಬರುತ್ತಿತ್ತು, ಮಕ್ಕಳನ್ನು ಬಿಟ್ಟು ಬಂದಿದ್ದೆ, ಸರ್ಕಾರಿ ಕಾಗದವಲ್ಲವೇ ಎಂದು ಓದದೆ ಸಹಿ ಮಾಡಿದೆ. ಮಕ್ಕಳ ಎರಡು ಸಾಲಿನ ಕಾಪಿಯನ್ನೂ ಓದದೆ ಸಹಿ ಮಾಡದವಳು ನಾನು!

ಆ ಕಾಗದವನ್ನು ನಾನು ಓದಿದ್ದು ತಿಂಗಳ ಮೇಲೆ, ಅವಳಮ್ಮ ವಕೀಲರಿಂದ ಪ್ರತಿ ತಂದು "ಇದ್ರಲ್ಲಿ ಏನೈತೆ ಓದಿ ಹೇಳಿ ಟೀಚರಮ್ಮ" ಎಂದಾಗ. ಅದರಲ್ಲಿದ್ದದ್ದು ಒಂದೇ ವಾಕ್ಯ: 'ನನ್ನ ತಂದೆಯು ಬೇಲಿಗೆ ವಿದ್ಯುತ್ ತಂತಿ ಕಟ್ಟಿದ್ದನ್ನು ಕಣ್ಣಾರೆ ಕಂಡಿರುತ್ತೇನೆ.' ಜೀಪಿಲ್ಲ. ಸಾವ್ಕಾರರಿಲ್ಲ. ಬೇಡ ಎಂದ ಅಪ್ಪನೂ ಇಲ್ಲ. ಅಷ್ಟರಲ್ಲಿ ಲೈನ್ ಮನೆ ಖಾಲಿ ಮಾಡಿಸಿ ಆಗಿತ್ತು, ತಾಯಿ ಮಗಳು ಯಾರದೋ ಶೆಡ್ಡಿನಲ್ಲಿದ್ದರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮಾಲತಿ, "ಅಪ್ಪನ್ನ ನಾನೇ ಹಿಡ್ಕೊಟ್ಟೆ ಅಲ್ವಾ ಟೀಚರ್?" ಎಂದಳು.

ತಮ್ಮ ಕಚೇರಿಗೂ ಬಂದೆ. "ಆನೆ ಸತ್ತಿದೆ ಮೇಡಂ, ಯಾರಾದರೂ ಒಬ್ಬರು ಬೇಕಲ್ಲ" ಎಂದಿರಿ. "ಅಷ್ಟಕ್ಕೂ ನೀವೇ ಸಹಿ ಹಾಕಿದ್ದೀರಲ್ಲ" ಎಂದು ನಕ್ಕಿರಿ. ಸರಿ, ತಂತಿ ಕಟ್ಟಿದವನು ತಪ್ಪಿತಸ್ಥನೇ. ಆ ಆನೆಗೂ ಜೀವವಿತ್ತು, ನಾನು ಇಲ್ಲವೆನ್ನುವುದಿಲ್ಲ. ಆದರೆ ಕಟ್ಟಿಸಿದವನು? ಅವನ ಜೀಪು ಈಗಲೂ ನಮ್ಮ ಶಾಲೆಯ ಮುಂದೆಯೇ ದಿನಾ ಹೋಗುತ್ತದೆ. ಮಕ್ಕಳು ನೋಡುತ್ತಾರೆ. ಯಾವ ಪ್ರಬಂಧವನ್ನೂ ಬರೆಯದೆ ಅವರು ಪಾಠ ಕಲಿಯುತ್ತಿದ್ದಾರೆ ಸ್ವಾಮೀ.

ಕಳೆದ ವಾರ ಶಾಲೆಯ ನೀರಿನ ಫಿಲ್ಟರಿನ ನಲ್ಲಿ ಮುರಿಯಿತು. ಪಕ್ಕದಲ್ಲೇ ಇದ್ದವಳು ಮಾಲತಿ. ಯಾರು ಮುರಿದದ್ದು ಎಂದು ಕೇಳಿದೆ. "ನಾ ನೋಡಿಲ್ಲ ಟೀಚರ್" ಎಂದಳು. ನಾನು ಮತ್ತೆ ಕೇಳಿರಲಿಲ್ಲ, ಅವಳೇ ಇನ್ನೊಮ್ಮೆ ಹೇಳಿದಳು: "ನಾ ಏನೂ ನೋಡಿಲ್ಲ." ಅವಳನ್ನು ಗದರಿಸುವ ಯೋಗ್ಯತೆ ನನಗಿರಲಿಲ್ಲ. ಕಿಟಕಿ ಕಟ್ಟೆ ಆಗಸ್ಟಿನಿಂದ ಖಾಲಿ ಇದೆ. ನಮ್ಮ ಶಾಲೆಯ ಮಕ್ಕಳಿಗೆ ಏನೂ ಸಿಗುವುದೇ ಇಲ್ಲ ಎಂದು ನಂಬಲು ನಾನೇನು ಪೆದ್ದಿಯೇ?

ಆದ್ದರಿಂದ ನನ್ನ ಬೇಡಿಕೆ. ಕಪ್ ತಮ್ಮಲ್ಲೇ ಇರಲಿ. ಆ ಹುಡುಗಿಯ ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಬರೆದುಕೊಳ್ಳಿ, ಜೀಪಿನಲ್ಲಿ ಬಂದವರ ಹೆಸರು ಸೇರಿಸಿ, ಬರೆದದ್ದನ್ನು ಅವಳಿಗೇ ಓದಿ ಹೇಳಿ. ಓದದೆ ಸಹಿ ಮಾಡಿದೆ ಎಂದು ನಾನು ನ್ಯಾಯಾಲಯದಲ್ಲಿ ಹೇಳುತ್ತೇನೆ. ಅದಕ್ಕೆ ನನ್ನ ಕೆಲಸ ಹೋದರೆ ಹೋಗಲಿ. ನಿಜ ಹೇಳಿದ್ದಕ್ಕೆ ಬೆಲೆ ತೆರಬೇಕಾದರೆ ಅದನ್ನು ದೊಡ್ಡವರು ತೆರಲಿ, ಹನ್ನೆರಡು ವರ್ಷದ ಮಗು ಯಾಕೆ ತೆರಬೇಕು? ಬೇಗ ಬನ್ನಿ. ಇನ್ನೂ ತಡವಾದರೆ ತಾವು ಕೇಳಿದಾಗ ಅವಳು ಕೂಡ ಸಿಡಿಲು ಬಡಿದಿರಬೇಕು ಎಂದುಬಿಡುತ್ತಾಳೆ.

ಇಂತಿ,
ಈ ಸಲ ಪೂರ್ತಿ ಓದಿ ಸಹಿ ಮಾಡಿರುವ
ಮಹಾದೇವಮ್ಮ, ಶಾಲಾ ಶಿಕ್ಷಕಿ