ಕೆನ್ನೆಯ ಏಟಿಗೆ ಒನ್ಸ್ ಮೋರ್

ಶನಿವಾರ, ಮಾರ್ಚ್ 9

ಅಂಗೈ ಇನ್ನೂ ಉರಿಯುತ್ತಿದೆ. ಪೆನ್ನು ಹಿಡಿದರೂ ಚುರುಚುರು ಅನ್ನುತ್ತದೆ.

ಸಂಜೆ ನಾಟಕಕ್ಕೆ ಹೋಗಿದ್ದೆವು. ಎಲ್ಲರಿಗೂ ಬಾಯಿಪಾಠವಾಗಿರುವ ಸಿನಿಮಾದ ಕಥೆ ಅದು. ಈಗ ಹಾಡು, ಕುಣಿತ ತುಂಬಿ ನಾಟಕ ಮಾಡಿದ್ದಾರೆ. ನಾಯಕಿ ನನ್ನ ತಂಗಿ. ಹಾಡಿನ ನಡುವೆ ನಾಯಕ ಅವಳ ಕೆನ್ನೆಗೆ ಹೊಡೆಯಬೇಕು. ಕೈ ಗಾಳಿಯಲ್ಲೇ ಹಾದುಹೋಗಬೇಕು, ಏಟಿನ ಸದ್ದನ್ನು ಡ್ರಮ್ ಬಾರಿಸುವವನು ಕೊಡಬೇಕು. ಇವತ್ತು ಡ್ರಮ್ಮಿಗಿಂತ ಮೊದಲೇ ಸದ್ದು ಕೇಳಿಸಿತು. ತಂಗಿಯ ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು. ಅವಳು ಹಾಡು ನಿಲ್ಲಿಸಲಿಲ್ಲ.

ಜನ ಶಿಳ್ಳೆ ಹೊಡೆದರು. "ಒನ್ಸ್ ಮೋರ್!" ಆ ಹಾಳಾದ ನಾಯಕ ಸಭೆಗೆ ಬಗ್ಗಿ ಕೈಮುಗಿದು, ಮತ್ತೆ ಅವಳ ಕೆನ್ನೆಗೆ ಬಾರಿಸಿದ. ನನ್ನ ಪಕ್ಕದಲ್ಲೇ ನನ್ನ ಗಂಡ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು, "ಒನ್ಸ್ ಮೋರ್!"

"ರೀ, ಅವಳಿಗೆ ನಿಜವಾಗ್ಲೂ ಪೆಟ್ಟಾಗಿದೆ. ರಕ್ತ ನೋಡ್ರೀ."

"ಅಯ್ಯೋ, ಬಣ್ಣ ಕಣೇ ಅದು. ಸಿನಿಮಾಗಿಂತ ಚೆನ್ನಾಗಿದೆ, ಸುಮ್ನೆ ನೋಡು."

ಎದ್ದು ನಿಂತು, ಕೈ ಬೀಸಿ ಅವರ ಕಪಾಳಕ್ಕೆ ಬಾರಿಸಿದೆ. ಕನ್ನಡಕ ಮುಂದಿನ ಸಾಲಿಗೆ ಹಾರಿತು. ಮೂಗಿನಿಂದ ರಕ್ತ ಬಂತು. ಅದನ್ನು ಬಣ್ಣ ಅಂತ ಯಾರೂ ಅನ್ನಲಿಲ್ಲ.

ಯಾರೂ ಒನ್ಸ್ ಮೋರ್ ಅಂತಲೂ ಅನ್ನಲಿಲ್ಲ. ಅಂದಿದ್ದರೆ...